ಬಂಗಾರ ಬರುವ ತನಕ

ರಜಬ್ ೨, ಹಿಜರಿ ೧೩೩೫. ತಲ್ಹಾ ಬಾವಿಗಳು

ಖರೀಬಾ ಬಂದರಿನಿಂದ ಇಲ್ಲಿಗೆ ಒಂಟೆಯ ಮೇಲೆ ಐದು ದಿನ. ಸೊಂಟ ಇನ್ನೂ ನನ್ನದೇ ಎಂದು ಹೇಳಲು ಸಾಕ್ಷಿ ಬೇಕು.

ಬಂದ ಕೆಲಸ ಇಷ್ಟೆ. ಅಮೀರರ ಕಾಗದವನ್ನು ಶೇಖ್ ಮುತ್ಲಕನಿಗೆ ಓದಿ ಹೇಳುವುದು, ಅವನ ಗೊಣಗಾಟ ಕೇಳಿಸಿಕೊಳ್ಳುವುದು, ಮಾರನೆಯ ದಿನ ತಿರುಗಿ ಹೊರಡುವುದು. ಗೊಣಗಲು ಅವನಿಗೆ ಕಾರಣವಿದೆ. ಈ ಯುದ್ಧದಲ್ಲಿ ಅಮೀರರು ತುರ್ಕರನ್ನು ಬಿಟ್ಟು ಇಂಗ್ಲಿಷರ ಕೈ ಹಿಡಿದ ಮೇಲೆ, ಇಂಗ್ಲಿಷ್ ಸರ್ಕಾರ ತಿಂಗಳಿಗೊಂದು ಹಡಗಿನಲ್ಲಿ ಬಂಗಾರದ ಸವರನ್ ನಾಣ್ಯ ಕಳಿಸುತ್ತದೆ. ಅದರಲ್ಲಿ ಒಂದು ಪಾಲು ಮುತ್ಲಕನ ಬುಡಕಟ್ಟಿಗೆ ಸಲ್ಲಬೇಕು. ತುರ್ಕರ ರೈಲುದಾರಿಗೆ ಒಂಟೆ, ಧಾನ್ಯ ತಲುಪದಂತೆ ತಡೆಯುವುದು ಇವರ ಕೆಲಸ. ತಡೆದಿದ್ದಾರೆ. ಪಾಲು ಮಾತ್ರ ಮೂರು ತಿಂಗಳಿಂದ ಬಂದಿಲ್ಲ. ಹಡಗು ತಡವಾಗುತ್ತದೆ, ಅಮೀರರಿಗೂ ನೂರೆಂಟು ಖರ್ಚು. ಕುರಿ ಕಾಯುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

ಕಾಗದ ಬರೆದವನೂ ನಾನೇ. "ಅವರಿಗೆ ಧೈರ್ಯ ಬರೋ ಹಾಗೆ ಒಂದು ಮಾತು ಸೇರಿಸು," ಎಂದಿದ್ದರು ಅಮೀರರು. ಸೇರಿಸಿದೆ: "ಬಂಗಾರ ಬರುವುದು ಮತ್ತೆ, ಅಲ್ಲಿಯ ತನಕ ನಮ್ಮವನು ನಿಮ್ಮಲ್ಲಿ ಒತ್ತೆ." ಪ್ರಾಸ ಚೆನ್ನಾಗಿ ಕೂತಿತ್ತು. ಅಮೀರರು ನಕ್ಕು ಮೊಹರು ಒತ್ತಿದ್ದರು. ಇವತ್ತು ಎಲ್ಲರೆದುರು ಓದಿ ಮುಗಿಸಿದಾಗ ಮುತ್ಲಕ್ ಗಡ್ಡ ನೀವಿಕೊಂಡು ಕೇಳಿದ:

"ಕಾಗದ ಚೆನ್ನಾಗೈತೆ. ಆ ನಮ್ಮವನು ಅಂದ್ರೆ ಯಾರು?"

ಹಿಂದೆ ತಿರುಗಿ ನೋಡಿದೆ. ದಾರಿ ತೋರಿಸಿದ ಒಂಟೆಯವನು ಆಗಲೇ ದಿಬ್ಬ ದಾಟುತ್ತಿದ್ದ, ನನ್ನ ಒಂಟೆಯನ್ನೂ ಹೊಡೆದುಕೊಂಡು.

"ಹಂಗಾದ್ರೆ ನೀನೇ," ಎಂದ ಮುತ್ಲಕ್. "ಹಿರೀಮಗಳ ಹೆಸರೇನು?"

"ಲುಲ್ವಾ."

"ಅಬು ಲುಲ್ವಾ, ಲುಲ್ವಾನ ಅಪ್ಪಾ, ಬಂಗಾರ ಬರೋ ತನಕ ನೀನು ನನ್ನ ಗುಡಾರದ ಅತಿಥಿ. ಕೂತ್ಕೊ. ಕಾಫಿ ಆರೋಗ್ತದೆ."

ಅಮೀರರು ಯೋಚಿಸದೆ ಯಾವುದನ್ನೂ ಮಾಡುವವರಲ್ಲ. ಬಂಗಾರ ನನ್ನ ಹಿಂದೆಯೇ ಹೊರಟಿರಬೇಕು, ಹೆಚ್ಚೆಂದರೆ ಒಂದು ವಾರ. ಲುಲ್ವಾಳ ಮದುವೆ ಇರುವುದು ರಂಜಾನ್ ಮುಗಿದ ಮೇಲೆ. ಬೇಕಾದಷ್ಟು ಸಮಯವಿದೆ.

ರಜಬ್ ೫

ಇಲ್ಲಿ ಎಲ್ಲರೂ ಎಲ್ಲರನ್ನೂ 'ನೀನು' ಎನ್ನುತ್ತಾರೆ. ಶೇಖನನ್ನು ಕೂಡ. ಮೂಗು ಸೋರುವ ಹುಡುಗಿಯೊಬ್ಬಳು "ಮುತ್ಲಕಾ, ಸರಕೊಳೋ ಅತ್ಲಾಗೆ" ಎಂದಳು, ಅವನು ಸರಿದ! ಬಂದರಿನಲ್ಲಿ ಹೀಗಾಗಿದ್ದರೆ ಕಾವಲಿನವನಿಗೆ ಕೆಲಸ ಸಿಗುತ್ತಿತ್ತು. ನಾನು ಮಾತ್ರ ಮರ್ಯಾದೆ ಬಿಡದೆ 'ನೀವು' ಎನ್ನುತ್ತೇನೆ. ಇವರು ನನ್ನ ಹಿಂದೆ ಇನ್ನೊಬ್ಬ ಯಾರಾದರೂ ನಿಂತಿದ್ದಾನೆಯೇ ಎಂದು ನೋಡುತ್ತಾರೆ.

ಹೊತ್ತು ಹೋಗಲೆಂದು ಒಂದು ಪದ್ಯ ಕಟ್ಟಿದೆ:

ಶೇಖನ ಗಡ್ಡಕ್ಕೆ ಮದರಂಗಿ ಕೆಂಪು,
ಒಳಗಿರುವ ಹೇನಿಗೆ ಮೂರ್ಹೊತ್ತು ತಂಪು.

ಬಾಯಿ ತಪ್ಪಿ ಹೊರಗೆ ಬಂತು. ತಲೆ ಹೋಯಿತೆಂದುಕೊಂಡೆ. ಮುತ್ಲಕ್ ಹೊಟ್ಟೆ ಹಿಡಿದು ನಕ್ಕು, ಇನ್ನೊಮ್ಮೆ ಹೇಳಿಸಿ, ಹೆಂಡತಿಯನ್ನು ಕರೆದು ಮತ್ತೊಮ್ಮೆ ಹೇಳಿಸಿದ. ನಗದವನು ಒಬ್ಬನೇ, ಅವನ ದಾಯಾದಿ ದಹ್ಹಾಮ್. ವಯಸ್ಸು ಮೂವತ್ತು, ಕಣ್ಣಿಗೆ ಕಾಡಿಗೆ, ಸೊಂಟಕ್ಕೆ ಎರಡು ಕಠಾರಿ.

"ನಗ್ರಿ, ನಗ್ರಿ," ಎಂದ. "ಪದ್ಯ ಹಿಟ್ಟಾಗ್ತದಾ? ಇವನನ್ನ ಬೇಯಿಸಿ ಉಣ್ಣೋಣವಾ?"

ರಜಬ್ ೧೧

ವಾರ ಕಳೆಯಿತು. ಯಾರೂ ಬರಲಿಲ್ಲ.

ದಿನವೂ ಬೆಳಿಗ್ಗೆ ಪಡುವಣದ ದಿಬ್ಬ ಹತ್ತಿ ನಿಲ್ಲುತ್ತೇನೆ. ಒಂಟೆಸಾಲು ಕಾಣಬಹುದೆಂದು. ಕಾಣುವುದು ಬಿಸಿಲ್ಗುದುರೆ. ಅದಕ್ಕೂ ನನ್ನಷ್ಟೇ ಸಂಬಳ.

ದಹ್ಹಾಮ್ ಇವತ್ತು ಎಲ್ಲರೆದುರು ಬಾಯಿ ಬಿಟ್ಟ. ತುರ್ಕರ ಠಾಣೆಗೆ ಹೋಗಿಬಂದಿದ್ದಾನೆ.

"ಠಾಣೆಯ ಅಧಿಕಾರಿ ನಜ್ಮಿ ಬೇ ಇದಾನಲ್ಲ, ಅವನಿಗೆ ಈ ಬರಹಗಾರ ಬೇಕಂತೆ. ಬಂಗಾರ ಯಾವ ದಾರೀಲಿ, ಯಾರ ಕಾವಲಲ್ಲಿ ಒಳಗೆ ಬರ್ತದೆ ಅನ್ನೋದೆಲ್ಲ ಇವನ ತಲೇಲೈತಂತೆ. ತಲೆಗೆ ಒಳ್ಳೇ ಬೆಲೆ ಕೊಡ್ತಾನೆ."

"ಕಾಗದದ ದುಡ್ಡಾ?" ಯಾರೋ ಕೇಳಿದರು. "ಮೊನ್ನೆ ಕೊಟ್ಟ ನೋಟನ್ನ ನನ್ನ ಮೇಕೆ ಮೂಸಿ ಬಿಟ್ಬಿಡ್ತು."

"ಈ ಸಲ ಚಿನ್ನ. ಅಮೀರನ ಚಿನ್ನ ಮಾತಲ್ಲೈತೆ, ಅವನದು ಕೈಯಲ್ಲೈತೆ."

"ಅತಿಥಿ," ಎಂದ ಮುತ್ಲಕ್.

"ಅತಿಥಿಗೆ ರೂಢಿ ಮೂರೇ ದಿನ, ದಹ್ಹಾಮನಿಗೆ ಒಂಬತ್ತು ಮಕ್ಳು," ಎಂದು ಅವನು ಎದ್ದು ಹೋದ. ಅವನ ಹಿಂದೆ ಎಂಟು ಹತ್ತು ಜನ ಎದ್ದರು.

ತುರ್ಕರ ಕೈಗೆ ಸಿಕ್ಕರೆ ಕೇಳುವುದನ್ನೆಲ್ಲ ಕೇಳಿ, ಆಮೇಲೆ ರೈಲು ನಿಲ್ದಾಣದ ತಂತಿಕಂಬಕ್ಕೆ ತೂಗುಹಾಕುತ್ತಾರೆ. ಹೋದ ವರ್ಷ ನಮ್ಮ ಅಂಚೆಯವನಿಗೆ ಹಾಗೆಯೇ ಮಾಡಿದರು.

ರಜಬ್ ೧೬

ನಜ್ಮಿ ಬೇ ಹೇಳಿಕಳಿಸಿದ್ದಾನೆ: "ಮುತ್ಲಕನ ಗುಡಾರದಲ್ಲಿ ಕಾಫಿ ಕುಡಿಯಲು ಬರುತ್ತೇನೆ." ಬಾ ಎಂದು ಮುತ್ಲಕ್ ಮರುಮಾತು ಕಳಿಸಿದ! ಕಾಫಿಗೆ ಬರುತ್ತೇನೆಂದ ಹಗೆಯನ್ನೂ ಬೇಡ ಎನ್ನುವ ರೂಢಿ ಇಲ್ಲವಂತೆ. ಓಡಿಹೋಗೋಣವೆಂದರೆ ನೀರಿಲ್ಲದ ಐದು ದಿನದ ದಾರಿ. ಅಮೀರರಿಗೆ ನಾನೆಲ್ಲಿದ್ದೇನೆಂದು ನೆನಪಿದೆಯೇ?

ರಜಬ್ ೧೭

ನನ್ನನ್ನು ಹೊರಗೆ ಹಾಕಿದರು. ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿದೆ.

ಮಧ್ಯಾಹ್ನ ಎಲ್ಲರೂ ಕೂತಿದ್ದರು. ಮುತ್ಲಕ್ ತಾನಾಗಿಯೇ, "ಏನಯ್ಯಾ, ಹೊಸ ಪದ್ಯ ಇಲ್ವಾ?" ಎಂದ. ಅಂಜಿಕೆಯಲ್ಲಿ ನಾಲಿಗೆ ಇನ್ನೂ ಚುರುಕಾಗುತ್ತದೆ, ಅದು ನನ್ನ ಕರ್ಮ.

ಮುತ್ಲಕನ ಮನೆ ಕಾಫಿ ಒಂದೇ ಒಂದು ತೊಟ್ಟು,
ಅದ ಕುಡಿದ ನೊಣಕ್ಕೂ ಹೋಗಲಿಲ್ಲ ಸಿಟ್ಟು.

ಹೇನಿಗೆ ನಕ್ಕವನು ನೊಣಕ್ಕೆ ನಗಬಾರದೆ? ಮುತ್ಲಕ್ ಬಟ್ಟಲನ್ನು ಮರಳಿಗೆ ಎಸೆದು ಎದ್ದು ನಿಂತ.

"ನನ್ನ ಉಪ್ಪು ತಿಂದು ನನ್ನ ಕಾಫೀನೇ ಆಡ್ಕೊಳ್ತೀಯಾ? ಏಳು! ನನ್ನ ಗುಡಾರದ ಹಗ್ಗದಾಚೆಗೆ ನಡಿ. ಇನ್ನು ನೀನು ನನ್ನ ಅತಿಥಿಯಲ್ಲ, ಕೇಳಿಸ್ಕೊಂಡ್ರಾ ಎಲ್ರೂ?"

ನನ್ನ ಹಾಸಿಗೆ ಹೊರಗೆ ಬಿತ್ತು. ಹಿಂದೆಯೇ ಮಸಿಕುಡಿಕೆ. ಒಬ್ಬ ಮುದುಕ, "ಅತಿಥೀನ ಅಟ್ಟಬೇಡ ಮುತ್ಲಕಾ, ಮುಖ ಕಪ್ಪಾಗ್ತದೆ," ಎಂದು ತೋಳು ಹಿಡಿದ. ಇವನು ಕೊಡವಿಕೊಂಡ. ದಹ್ಹಾಮ್ ಮಾತ್ರ ನಗುತ್ತ ನನ್ನ ಹಾಸಿಗೆ ಎತ್ತಿಕೊಂಡ.

"ಬಾ ಅಬು ಲುಲ್ವಾ. ನನ್ನ ಗುಡಾರ ದೊಡ್ಡದೈತೆ. ಮಾಂಸ ಬೇಯ್ತೈತೆ."

ಸತ್ಯ ಹೇಳುತ್ತೇನೆ, ಎರಡು ಹೆಜ್ಜೆ ಹಾಕಿದೆ. ಆಗ ಮುತ್ಲಕ್ ಹಿಂದಿನಿಂದ ಕೂಗಿದ: "ಅವನ ಯೋಗ್ಯತೆಗೆ ಮಾಂಸ ಬೇರೆ! ಆ ಗಂಡಸಿಲ್ಲದ ಗುಡಾರಕ್ಕೆ ಹೋಗಿ ಬೀಳಲಿ, ತುರ್ಫಾ ಗುಡಾರಕ್ಕೆ. ಅವಳ ಬಾಯಿಗೆ ಇವನೇ ಸರಿ."

ಹೊರಗೆ ನಿಂತ ನಾನು ಆ ಹೊತ್ತು ಯಾರ ಕಡೆಯವನೂ ಅಲ್ಲ. ಯಾರು ಹೊಡೆದು ಹಾಕಿದರೂ ಕೇಳುವವರಿಲ್ಲ. ದಹ್ಹಾಮನ ಕೈ ನನ್ನ ತೋಳಿನ ಮೇಲಿತ್ತು. ಕಿತ್ತುಕೊಂಡು ಓಡಿದೆ. ಈ ವಯಸ್ಸಿನಲ್ಲಿ, ಈ ಸೊಂಟದಲ್ಲಿ. ಕೊನೆಯಲ್ಲಿದ್ದ ಆ ಗುಡಾರದ ಕಂಬವನ್ನು ತಬ್ಬಿ, "ನಿನ್ನ ಮರೆಹೊಕ್ಕೆ ತಾಯೀ," ಎಂದೆ.

ಒಳಗೆ ಮೊಸರು ಕಡೆಯುತ್ತಿದ್ದ ಮುದುಕಿ ತಲೆಯೆತ್ತಿ ನೋಡಿದಳು. ಚರ್ಮದ ಚೀಲ ಕುಲುಕುವುದನ್ನು ನಿಲ್ಲಿಸಲಿಲ್ಲ.

"ಹೊಕ್ಕಿದ್ದಾಯ್ತಲ್ಲ. ಕಂಬ ಬಿಡು, ಹಳೇದು, ಮುರೀತದೆ."

ದಹ್ಹಾಮ್ ಹೊರಗೇ ನಿಂತ. ಒಳಗೆ ಕಾಲಿಡಲಿಲ್ಲ. ಹಾಸಿಗೆಯನ್ನು ಅಲ್ಲೇ ಬಿಸುಟು ಹೋದ.

ರಜಬ್ ೨೦

ತುರ್ಫಾ ವಿಧವೆ. ಒಬ್ಬನೇ ಮಗನಿದ್ದ. ಚಳಿಗಾಲದಲ್ಲಿ ರೈಲುದಾರಿ ಕೀಳಲು ಹೋದವರಲ್ಲಿ ಸತ್ತ. ಆ ದಾಳಿಗೆ ಹೊರಡಿಸಿದ್ದು ನಮ್ಮ ಕಾಗದ. ಅದನ್ನು ಬರೆದವರು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೂ ಅವಳಿಗೆ ಗೊತ್ತು.

ಇಲ್ಲಿ ಅತಿಥಿ ಗಿತಿಥಿ ಏನಿಲ್ಲ. ಬೆಳಿಗ್ಗೆಯೇ ಬಾವಿಯ ಹಗ್ಗ ಕೈಗೆ ಕೊಟ್ಟು, "ಸೇದು," ಎಂದಳು. ಅಂಗೈಯಲ್ಲಿ ಬೊಬ್ಬೆ. ಬೊಬ್ಬೆ ತೋರಿಸಿದರೆ, "ಬರೆಯೋದು ಎಷ್ಟು ಬೆರಳಲ್ಲಿ?" ಎಂದು ಕೇಳಿದಳು. ಮೂರು ಎಂದೆ. "ಉಳಿದವು ಇಷ್ಟು ವರ್ಷ ಪುಕ್ಕಟೆ ಉಂಡಿವೆ," ಎಂದಳು.

ದಹ್ಹಾಮ್ ಗುಡಾರ ಗುಡಾರಕ್ಕೂ ಹೋಗಿ, ಮುತ್ಲಕ್ ಅತಿಥಿಯನ್ನು ಅಟ್ಟಿದನೆಂದು ಸಾರುತ್ತಿದ್ದಾನೆ. ಬೇರೆ ಬಾವಿಗಳವರಿಗೂ ಸುದ್ದಿ ಹೋಗಿದೆಯಂತೆ. ಮುತ್ಲಕನ ಕಾಫಿಗೆ ಬರುವವರು ಕಡಿಮೆಯಾಗಿದ್ದಾರೆ. ನನಗೆ ಖುಷಿಯಾಗಬೇಕಿತ್ತು.

ಕಾಗದ ಉಳಿಸಬೇಕು. ಸಣ್ಣಕ್ಷರ.

ರಜಬ್ ೨೪

ನಜ್ಮಿ ಬೇ ಬಂದ, ಹತ್ತು ಸವಾರರೊಡನೆ. ಅಲೆಪ್ಪೊದ ಅರಬ. ಇಸ್ತಾಂಬುಲಿನವನಾಗಿದ್ದರೆ ಚೆನ್ನಾಗಿತ್ತು, ನಮ್ಮ ರೂಢಿ ಗೊತ್ತಿರುತ್ತಿರಲಿಲ್ಲ.

ತುರ್ಫಾ ನನ್ನನ್ನು ಎಳೆದುಕೊಂಡು ಹೋದಳು. "ನಿನ್ನ ವ್ಯಾಪಾರ ನೀನೇ ಕೇಳಬೇಡ್ವಾ?" ಸೆಕೆಗೆ ಮುತ್ಲಕನ ಗುಡಾರದ ಪಕ್ಕದ ಪರದೆಗಳನ್ನು ಎತ್ತಿ ಕಟ್ಟಿದ್ದರು. ಹೊರಗಿನ ಬಿಸಿಲಲ್ಲಿ ಕೂರಿಸಿದಳು. ತಲೆ ಸುಡುತ್ತಿತ್ತು. ನೆರಳಿಗೆ ಜರುಗೋಣವೆಂದು ಕಾಲು ಚಾಚಿದರೆ ತೋಳು ಹಿಡಿದು ಹಿಂದಕ್ಕೆ ಜಗ್ಗಿದಳು.

"ಹಗ್ಗ ದಾಟಬೇಡ."

"ಬಿಸಿಲು ತಾಯೀ."

"ಸುಟ್ಟರೆ ಚರ್ಮ. ದಾಟಿದ್ರೆ ಕುತ್ತಿಗೆ."

ಕಾಫಿ ಹುರಿದರು, ಕುಟ್ಟಿದರು, ಏಲಕ್ಕಿ ಹಾಕಿ ಕುದಿಸಿದರು. ಮೊದಲ ಬಟ್ಟಲು ನಜ್ಮಿ ಬೇಯ ಕೈಗೆ. ಅವನು ಅದನ್ನು ತೆಗೆದುಕೊಂಡು ಮುಟ್ಟದೆ ಮುಂದೆ ನೆಲದ ಮೇಲಿಟ್ಟ.

ಕುಡಿಯದೆ ಕೆಳಗಿಟ್ಟವನಿಗೆ ಏನೋ ಬೇಕು. ಏನೆಂದು ಕೇಳುವ ಮೊದಲೇ ಮನೆಯವನು ಕೊಟ್ಟೆ ಎನ್ನಬೇಕು. ಅನ್ನದೆ ಅತಿಥಿ ಹಾಗೆಯೇ ಎದ್ದುಹೋದರೆ ಆ ಗುಡಾರಕ್ಕೆ ಮುಂದೆ ಮರ್ಯಾದೆಯಿಲ್ಲ. ಮುತ್ಲಕನ ಮರ್ಯಾದೆ ಆಗಲೇ ಅರ್ಧ ಹೋಗಿತ್ತು, ನನ್ನಿಂದ.

"ಕುಡಿ," ಎಂದ ಮುತ್ಲಕ್.

"ಕುಡೀತೀನಿ ಶೇಖ್. ಒಂದು ಆಸೆ ಇಟ್ಕೊಂಡು ಬಂದಿದೀನಿ."

ಬೆಂಕಿ ಚಟಗುಟ್ಟುತ್ತಿತ್ತು. ದಹ್ಹಾಮ್ ನನ್ನನ್ನೇ ನೋಡುತ್ತಿದ್ದ. ಮುತ್ಲಕ್ ಒಂದು ಕೊಳ್ಳಿಯನ್ನು ಒಳಕ್ಕೆ ತಳ್ಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

"ಕುಡಿ. ಹೆಂಡ್ತಿ ಮಕ್ಳು ಬಿಟ್ಟು, ನನ್ನ ಹಗ್ಗದೊಳಗೆ ಏನೈತೋ ಎಲ್ಲ ನಿಂದು. ಇದು ನನ್ನ ಮಾತು."

ನಜ್ಮಿ ಬೇ ಕುಡಿದ, ಒಂದೇ ಗುಟುಕಿಗೆ. ಮೀಸೆ ಒರೆಸಿಕೊಂಡ. "ಅಮೀರನ ಬರಹಗಾರ."

"ಅಯ್ಯೋ, ಅವನಾ!" ಎಂದ ಮುತ್ಲಕ್. "ಅವನನ್ನ ಅಟ್ಟಿ ವಾರ ಆಯ್ತಲ್ಲಪ್ಪ. ನಂಬಿಕೆ ಇಲ್ಲದಿದ್ರೆ ನಮ್ಮ ದಹ್ಹಾಮನನ್ನ ಕೇಳು. ಎಲ್ಲ ಬಾವಿಗೂ ಹೋಗಿ ಸಾಕ್ಷಿ ಹೇಳಿದಾನೆ."

ಆಗ ನನಗೆ ಹೊಳೆಯಿತು. ನೊಣದ ಪದ್ಯದ ಸಿಟ್ಟು ಬರೀ ನೆಪ, ಈ ದಿನಕ್ಕೆಂದೇ ನನ್ನನ್ನು ಹಗ್ಗದಾಚೆ ಹಾಕಿದ್ದ.

ನಜ್ಮಿ ಬೇ ಎದ್ದು ಹಗ್ಗದಾಚೆ ಬಂದು ನಮ್ಮೆದುರು ನಿಂತ. ನನ್ನನ್ನಲ್ಲ, ತುರ್ಫಾಳನ್ನು ಮಾತಾಡಿಸಿದ. ಮಾತು ಜೇನು.

"ಅಮ್ಮಾ, ಇವನು ನಿಮಗೇನಾಗಬೇಕು? ನಿಮ್ಮ ಮಗ ಸತ್ತದ್ದು ಇವನ ಅಮೀರನ ದುಡ್ಡಿಗೆ."

"ದುಡ್ಡಿಗೆ ಸತ್ತ ಅನ್ನಬೇಡ. ದುಡ್ಡು ಬಂದೇ ಇಲ್ಲ," ಎಂದಳು ತುರ್ಫಾ. "ಕೊಂದೋನು ನಿನ್ನ ಸಿಪಾಯಿ. ಇವನು ನನ್ನ ಕಂಬ ಹಿಡಿದೋನು. ಮುಟ್ಟು ನೋಡಾಣ."

ಅವಳ ಕೈಯಲ್ಲಿ ಕುರಿ ಅಟ್ಟುವ ಕೋಲು ಮಾತ್ರವಿತ್ತು. ಆದರೆ ಅವಳ ಹಿಂದೆ ಗಂಡಸರು ಒಬ್ಬೊಬ್ಬರಾಗಿ ಬಂದು ನಿಂತರು. ಗಂಡಸಿಲ್ಲದ ಗುಡಾರದ ಮರೆ ಮುರಿದರೆ ಆ ಕಳಂಕ ಶೇಖನೊಬ್ಬನಿಗಲ್ಲ, ಇಡೀ ಬುಡಕಟ್ಟಿಗೆ. ದಹ್ಹಾಮನ ತಮ್ಮಂದಿರೂ ಬಂದು ನಿಂತರು. ಕೊನೆಗೆ, ಹಲ್ಲು ಕಚ್ಚಿಕೊಂಡು, ದಹ್ಹಾಮನೂ.

ನಜ್ಮಿ ಬೇ ಸುತ್ತ ನೋಡಿದ. ಮುತ್ಲಕನ ಗುಡಾರದ ಹಗ್ಗಕ್ಕೆ ಕಟ್ಟಿದ್ದ ಬೂದು ಹೆಣ್ಣುಕುದುರೆಯ ಮೇಲೆ ಕಣ್ಣು ನಿಂತಿತು.

"ಹಗ್ಗದೊಳಗಿರೋದೆಲ್ಲ ಅಂದ್ರಲ್ಲ ಶೇಖ್."

"ಅಂದೆ."

ಮುತ್ಲಕ್ ತಾನೇ ಹೋಗಿ ಬಿಚ್ಚಿ, ಹಣೆ ಸವರಿ, ಲಗಾಮು ಅವನ ಕೈಗಿಟ್ಟ. ಆ ಕುದುರೆ ಹುಟ್ಟಿದ್ದು ಅವನ ಮಡಿಲಲ್ಲಂತೆ.

ರಜಬ್ ೨೫

ಪದ್ಯ ಬರಲಿಲ್ಲ. ಮುತ್ಲಕನ ಹತ್ತಿರ ಹೋಗಿ ಕೂತೆ. "ನನಗೆ ಮೊದಲೇ ಹೇಳಬಾರದಿತ್ತೇ?" ಎಂದೆ.

"ನಿನ್ನ ಬಾಯೀಲಿ ಏನು ನಿಲ್ತದೆ? ಹೇಳಿದ್ರೆ ಅದಕ್ಕೂ ಪ್ರಾಸ ಕಟ್ತಿದ್ದೆ." ಕಾಫಿ ಬಗ್ಗಿಸಿಕೊಟ್ಟು, "ನೊಣದ ಪದ್ಯ ಚೆನ್ನಾಗಿತ್ತು. ನಗು ತಡಿಯೋಕೆ ನಾಲಿಗೆ ಕಚ್ಕೊಂಡೆ," ಎಂದ.

ಕುದುರೆ ಕಟ್ಟುತ್ತಿದ್ದ ಕಡೆಗೆ ಅವನು ನೋಡುವುದಿಲ್ಲ. ನಾನೂ ನೋಡುವುದಿಲ್ಲ.

ಶಾಬಾನ್ ೯

ಒಂಟೆಸಾಲು ಬಂತು! ಹನ್ನೆರಡು ಒಂಟೆ, ಎರಡಕ್ಕೆ ಭಾರದ ಚೀಲ. ಮುಂದೆ ಅಮೀರರ ಭಾವಮೈದುನ ಉಕೈಲ್, ರೇಷ್ಮೆ ರುಮಾಲು, ಗುಲಾಬಿ ಅತ್ತರು. ಅವನ ಜೊತೆ ದಹ್ಹಾಮ್. ಎರಡು ವಾರದಿಂದ ಅವನು ಕಾಣದ್ದು ಯಾಕೆಂದು ಈಗ ತಿಳಿಯಿತು.

ಉಕೈಲ್ ಒಂಟೆ ಇಳಿಯದೆಯೇ ಹೇಳಿದ: ಶತ್ರುವಿಗೆ ಕುದುರೆ ಕೊಟ್ಟ ಮುತ್ಲಕ್ ಇನ್ನು ಅಮೀರರಿಗೆ ಶೇಖನಲ್ಲ. ಇವತ್ತಿನಿಂದ ದಹ್ಹಾಮ್ ಶೇಖ್. ಸರ್ಕಾರದ ಬಂಗಾರ ಅವನ ಕೈಗೆ.

ಮುತ್ಲಕ್ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಕಾಫಿ, ಹಗ್ಗ, ಕುದುರೆ, ಎಲ್ಲ ಹೇಳಿದೆ. ಆ ಕುದುರೆ ಹೋದದ್ದು ನನ್ನ ತಲೆಗೆ ಬದಲಾಗಿ ಎಂದೆ. ನನ್ನನ್ನು ಮಾರಲು ಹೊರಟವನು ನಿಮ್ಮ ಹೊಸ ಶೇಖನೇ ಎಂದೆ. ಉಕೈಲ್ ನನ್ನನ್ನು ಪಕ್ಕಕ್ಕೆ ಕರೆದ.

"ಅದೆಲ್ಲ ಅಮೀರರಿಗೆ ಗೊತ್ತಪ್ಪ."

"ಗೊತ್ತಿದ್ದೂ?"

"ಮುತ್ಲಕನಿಗೆ ಕೊಡಬೇಕಾದ್ದು ನಾಲ್ಕು ತಿಂಗಳದ್ದು. ದಹ್ಹಾಮನಿಗೆ ಒಂದೇ ತಿಂಗಳದ್ದು. ಹೊಸ ಶೇಖನಿಗೆ ಹಳೇ ಬಾಕಿ ಇರಲ್ಲ. ಹಡಗಿನ ಇಂಗ್ಲಿಷ್ ಸಾಹೇಬರಿಗೂ ಕುದುರೆ ಕಥೆ ಹೇಳಿದ್ದಾಯ್ತು, ಅವರೂ ತಲೆ ಆಡಿಸಿದ್ರು. ನೀನು ಬದುಕಿದ್ದೀಯಲ್ಲ, ಸಂತೋಷ. ಒಂಟೆ ಹತ್ತು."

ಹತ್ತಬೇಕೆಂದೇ ನನಗೆಂದು ತಂದ ಒಂಟೆಯ ಹತ್ತಿರ ಹೋದೆ. ಜೀನಿನ ಚೀಲದಲ್ಲಿ ಮನೆಯಿಂದ ಕಳಿಸಿದ ಖರ್ಜೂರದ ಹಲ್ವ ಇತ್ತು. ಲುಲ್ವಾ ಕಟ್ಟಿದ ಗಂಟು, ನೋಡಿದ ಕೂಡಲೇ ಗೊತ್ತಾಯಿತು. ಒಂಟೆಯವನು ಮಂಡಿಯೂರಿಸಿ ಕಾಯುತ್ತಿದ್ದ.

"ಹತ್ತಲ್ಲ," ಎಂದೆ.

"ಏನಂದೆ?"

"ನಾನು ಮುತ್ಲಕನ ಬಾಕಿಗೆ ಒತ್ತೆ. ಬಾಕಿ ತೀರಿಲ್ಲ. ತೀರದೆ ಒತ್ತೆ ಎತ್ಕೊಂಡು ಹೋದ್ರೆ ಅದಕ್ಕೆ ಕಳ್ಳತನ ಅಂತಾರೆ."

"ತಲೆ ಕೆಟ್ಟಿದೆಯಾ? ಮಗಳ ಮದುವೆಗೆ ಅಪ್ಪ ಬೇಡವಾ?"

"ಬೇಕು. ಅದಕ್ಕೇ ಬೇಗ ಕಳ್ಸು ಅಂತ ಹೇಳು ಅಮೀರನಿಗೆ. ಮುಂದಿನ ಹಡಗಿಗೆ ಇಂಗ್ಲಿಷರಿಗೆ ಕಾಗದ ಬರೆಯೋರು ಅಲ್ಲಿ ಇನ್ಯಾರಿದ್ದಾರೆ? ನೀನು ಬರೀತೀಯಾ? ನಿನ್ನ ರುಜುವಿನಲ್ಲಿ ಮೂರು ತಪ್ಪು."

ಗಂಡಸರು ಸುತ್ತ ಸೇರಿದ್ದರು. ಯಾರೋ ಕಿಸಕ್ಕೆಂದರು. ದಹ್ಹಾಮ್, "ಚೀಲ ಇಳಿಸ್ರಿ, ಮಾತು ಸಾಕು," ಎಂದು ಕೂಗಿದ. ಇಳಿಸಲು ಒಬ್ಬನೂ ಕೈ ಹಚ್ಚಲಿಲ್ಲ. ಉಕೈಲ್ ನನ್ನನ್ನು, ಅವರನ್ನು, ಮತ್ತೆ ನನ್ನನ್ನು ನೋಡಿದ. ಅತ್ತರಿನೊಳಗಿಂದ ಬೆವರಿನ ವಾಸನೆ ಬಂತು.

"ಅಮೀರರನ್ನ ಕೇಳಿ ಬರ್ತೀನಿ," ಎಂದು ಒಂಟೆ ತಿರುಗಿಸಿದ. ಚೀಲಗಳೂ ತಿರುಗಿದವು. ಹಲ್ವದ ಗಂಟನ್ನು ಮಾತ್ರ ನಾನು ಬಿಚ್ಚಿಕೊಂಡೆ.

ಮುತ್ಲಕ್ ಬಂದು ಸಿಡುಕಿದ. "ಹುಚ್ಚಾ, ಹೋಗಬಾರದಿತ್ತಾ? ಬರೋ ಬಂಗಾರ ಬರ್ತಿತ್ತು, ಇಲ್ದಿದ್ರೆ ಇಲ್ಲ."

"ನೀನು ಸುಮ್ನಿರು ಮುತ್ಲಕಾ," ಎಂದೆ. "ನಿನಗೆ ವ್ಯಾಪಾರ ತಿಳಿಯಲ್ಲ."

ಹಲ್ವ ಎಲ್ಲರಿಗೂ ಬೆರಳ ತುದಿಯಷ್ಟು ಬಂತು. ತುರ್ಫಾ ಸಕ್ಕರೆ ಜಾಸ್ತಿ ಎಂದ ಮೇಲೂ ಎರಡನೆಯ ಸಲ ಕೈ ಚಾಚಿದಳು.

ಶಾಬಾನ್ ೧೩

ಬಾವಿಯ ನೀರು ತಳ ಮುಟ್ಟಿದೆ, ಹಗ್ಗ ಎರಡು ಮೊಳ ಉದ್ದ ಮಾಡಿದರೂ ಕೆಸರೇ ಬರುತ್ತದೆ. ಅಮೀರ ಏನು ಹೇಳಿದನೋ ಸುದ್ದಿಯಿಲ್ಲ. ನಾಳೆ ಗುಡಾರ ಕಿತ್ತು ಮೂಡಣದ ಬಾವಿಗಳ ಕಡೆ ಹೊರಡುತ್ತೇವೆ. ಬಂದರಿನಿಂದ ಇನ್ನೂ ಮೂರು ದಿನ ದೂರ.

ಬೇಕಾದರೆ ಇಲ್ಲೇ ಕಾಯಿ ಎಂದ ಮುತ್ಲಕ್. ಸೊಗಸು! ನೀರಿನ ಚೀಲ ಹೊರುವವರು ಯಾರು? ತುರ್ಫಾಗೆ ಮಂಡಿನೋವು, ಕರಿಯ ಮೇಕೆ ಇವತ್ತೋ ನಾಳೆಯೋ ಈಯುವುದರಲ್ಲಿದೆ, ಅದನ್ನು ಎತ್ತಿಕೊಂಡೇ ನಡೆಯಬೇಕು. ಇದನ್ನೆಲ್ಲ ಹೇಳಿದರೆ ಅವನು ಗಡ್ಡದೊಳಗೆ ನಗುತ್ತಾನೆ, ಯಾಕೋ ತಿಳಿಯದು.

ಬಂಗಾರ ತರುವವರು ಹೆಜ್ಜೆ ನೋಡಿಕೊಂಡು ಬರಲಿ. ನಾವೇನೂ ಹಾರಿಹೋಗುತ್ತಿಲ್ಲ, ನಡೆದೇ ಹೋಗುತ್ತಿದ್ದೇವೆ.